ನನ್ನೊಳಗೆ ಎಲ್ಲರ ಬಾಗಿಲು

ನನ್ನ ಗಂಡ ಲೋಹಿತನ ಕಡೆಯ ಸಮಸ್ತ ಬಂಧುಬಳಗಕ್ಕೂ ನನ್ನ ಮೈಯೊಳಗೆ ಹೋಗಿಬರಲು ಬಾಗಿಲಿತ್ತು. ನನಗಿರಲಿಲ್ಲ.

ಅಲಂಕಾರಕ್ಕೆ ಹೇಳುತ್ತಿಲ್ಲ. ನಾನು ಪ್ರೋಗ್ರಾಮ್ ಬರೆಯುವವಳು, ಇದ್ದದ್ದನ್ನು ಇದ್ದ ಹಾಗೆ ಹೇಳಿಯೇ ಮನೆಯಲ್ಲೂ ಆಫೀಸಿನಲ್ಲೂ ಕೆಟ್ಟವಳಾದವಳು. ತಲೆಯೊಳಗೆ, ಮೂಗಿನ ಬುಡದ ಹಿಂದೆ, ಕಡಲೆಕಾಳಿನಷ್ಟು ದೊಡ್ಡ ಗ್ರಂಥಿಯೊಂದಿದೆ. ನಿದ್ದೆ, ಹಸಿವು, ಮೈಕಾವು, ಗಾಬರಿ, ಸಿಟ್ಟು ಇವಕ್ಕೆಲ್ಲ ಬೇಕಾದ ಹಾರ್ಮೋನುಗಳಿಗೆ ಅಪ್ಪಣೆ ಹೋಗುವುದು ಅಲ್ಲಿಂದ. ನನ್ನದರಲ್ಲಿ ಗಡ್ಡೆ ಬೆಳೆಯಿತು. ಗಡ್ಡೆಯ ಜೊತೆ ಗ್ರಂಥಿಯನ್ನೂ ತೆಗೆದರು. ಅದರ ಕೆಲಸ ಮಾಡಲು ಹೊಟ್ಟೆಯ ಚರ್ಮದಡಿ ಒಂದು ಯಂತ್ರ ಕೂರಿಸಿದರು. ಕೆರೆಯ ತೂಬು ಗದ್ದೆಗೆ ನೀರು ಬಿಟ್ಟ ಹಾಗೆ ಅದು ರಕ್ತಕ್ಕೆ ಹಾರ್ಮೋನನ್ನು ಹನಿಹನಿಯಾಗಿ ಬಿಡುತ್ತದೆ, ಹಾಗಾಗಿ ಅದರ ಹೆಸರೂ ತೂಬು. ಮಾಡುವುದು ಮೈಸೂರಿನ ನಮ್ಮದೇ ಲ್ಯಾಬು. ನಾನು ಅದರ ಬ್ಯಾಟರಿಯ ಭಾಗಕ್ಕೆ ಪ್ರೋಗ್ರಾಮ್ ಬರೆಯುತ್ತಿದ್ದೆ. ಬಾಗಿಲುಗಳ ಭಾಗ ನನ್ನ ಸಹೋದ್ಯೋಗಿ ಸುಹಾಸನದು.

ಬಾಗಿಲು ಅಂದರೆ ಏನೆಂದು ಹೇಳಿಬಿಡುತ್ತೇನೆ. ತೂಬಿನ ಪ್ರೋಗ್ರಾಮಿನಲ್ಲಿ ಪ್ರತಿಯೊಬ್ಬ ರೋಗಿಯೂ ಒಂದು ಆಬ್ಜೆಕ್ಟ್. ಅದರೊಳಗೆ ಖಾನೆಗಳು: ನಿದ್ದೆ, ಹಸಿವು, ಮೈಕಾವು, ಉದ್ವೇಗದ ಮಿತಿ, ಹೀಗೆ. ಖಾನೆಯನ್ನು ಯಾರೂ ನೇರವಾಗಿ ಮುಟ್ಟುವ ಹಾಗಿಲ್ಲ. ಅದರಲ್ಲಿರುವುದನ್ನು ಓದಬೇಕಾದರೆ ಅದಕ್ಕೊಂದು ಪುಟ್ಟ ಆಜ್ಞೆ ಬರೆದಿಡಬೇಕು, ಬದಲಿಸಬೇಕಾದರೆ ಇನ್ನೊಂದು. ಓದುವುದನ್ನು ನಾವು ಲ್ಯಾಬಿನಲ್ಲಿ ಕಿಟಕಿ ಅನ್ನುತ್ತಿದ್ದೆವು, ಬದಲಿಸುವುದನ್ನು ಬಾಗಿಲು. ಪ್ರತಿ ಖಾನೆಗೂ ಪ್ರತಿ ಮನುಷ್ಯನಿಗೂ ಇವನ್ನು ಕೈಯಲ್ಲಿ ಬರೆಯುತ್ತ ಕೂತರೆ ತಲೆ ಚಿಟ್ಟು ಹಿಡಿಯುತ್ತದೆ. ಅದಕ್ಕೇ ಸುಹಾಸ ಒಂದು ಸ್ಕ್ರಿಪ್ಟ್ ಬರೆದಿದ್ದ. ಖಾನೆಗಳ ಹೆಸರು, ಜನರ ಹೆಸರು ಕೊಟ್ಟರೆ ಸಾಕು, ಎಲ್ಲ ಕಿಟಕಿ ಬಾಗಿಲುಗಳನ್ನೂ ಅದೇ ಹುಟ್ಟಿಸಿಬಿಡುತ್ತಿತ್ತು. ಅಂಗೈಯಗಲದ ಸ್ಕ್ರಿಪ್ಟು. ಬಂದವರಿಗೆಲ್ಲ ತೋರಿಸಿ ಬೀಗುತ್ತಿದ್ದ.

ಆಪರೇಷನ್ ಮುಗಿದು ವಾರ್ಡಿನಲ್ಲಿ ಅರ್ಧ ಎಚ್ಚರದಲ್ಲಿ ಮಲಗಿದ್ದಾಗ ಟೆಕ್ನಿಷಿಯನ್ ಹುಡುಗಿ ಬಂದು, "ತೂಬಿಗೆ ಯಾರ್ಯಾರ ಹೆಸರು ಹಾಕ್ಲಿ?" ಎಂದು ಕೇಳಿದಳು. ಕೇಳಿದ್ದು ಲೋಹಿತನನ್ನು. ಉತ್ತರ ಕೊಟ್ಟವರು ಅವನ ಅಕ್ಕ, ನಮ್ಮ ಅಶ್ವಿನಿ ಅತ್ತಿಗೆ.

"ಮೊದ್ಲು ದೊಡ್ಡಪ್ಪನ ಹೆಸರು ಹಾಕಮ್ಮ. ಆಮೇಲೆ ಬನ್ನೂರು ಚಿಕ್ಕಪ್ಪ. ಅವ್ರನ್ನ ಬಿಟ್ಟೀಯ ಮತ್ತೆ! ಇವನ ಮದುವೆ ಲಗ್ನಪತ್ರಿಕೇಲಿ ಹೆಸರು ಬಿಟ್ಟೋಗಿ ಎಷ್ಟು ವರ್ಷ ಮಾತಾಡ್ಲಿಲ್ಲ ಗೊತ್ತಾ?"

"ಇಷ್ಟೊಂದು ಜನ ಬೇಕಾ ಮೇಡಂ? ಒಬ್ರೋ ಇಬ್ರೋ ಸಾಕು."

"ನಿಂಗೆ ಗೊತ್ತಾಗಲ್ಲ ಸುಮ್ನಿರು. ಒಬ್ರನ್ನ ಸೇರಿಸಿ ಒಬ್ರನ್ನ ಬಿಟ್ರೆ ನಾಳೆ ಮುಖ ತೋರಿಸೋಕಾಗುತ್ತಾ?"

ಲಗ್ನಪತ್ರಿಕೆಯಲ್ಲಿ ಸುಖಾಗಮನ ಬಯಸುವವರನ್ನು ಹಾಕುವ ಹಾಗೆ ಹಿರಿತನದ ಪ್ರಕಾರ ಹೆಸರುಗಳು ಬಂದವು. ಗಂಡಿನ ಕಡೆಯವರು ಮುಗಿದ ಮೇಲೆ, "ಹೆಣ್ಣಿನ ಕಡೆಯಿಂದ ಇವಳ ಅಮ್ಮನ್ನೂ ಸೇರಿಸ್ಬಿಡು, ಪಾಪ" ಎಂದು ಅತ್ತಿಗೆ ದೊಡ್ಡ ಮನಸ್ಸು ಮಾಡಿದರು. ರೋಗಿಯ ಹೆಸರನ್ನು ಯಾರೂ ಹೇಳಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆಯಲೂ ಇಲ್ಲ. ಪತ್ರಿಕೆಯಲ್ಲಿ ಬಯಸುವವರ ಸಾಲಿನಲ್ಲಿ ಮದುಮಗಳನ್ನು ಯಾರು ಹಾಕುತ್ತಾರೆ? ನನಗೆ ನಾಲಿಗೆ ಎದ್ದಿದ್ದರೆ ನಾನೂ ಹೇಳುತ್ತಿದ್ದೆನೋ ಇಲ್ಲವೋ.

ಮನೆಗೆ ಬಂದೆ. ಶುರುವಾಯಿತು. ಬನ್ನೂರು ಚಿಕ್ಕಪ್ಪ ತಮ್ಮ ಫೋನಿನಿಂದಲೇ ನನ್ನ ಎಚ್ಚರದ ಹೊತ್ತನ್ನು ಬ್ರಾಹ್ಮೀ ಮುಹೂರ್ತಕ್ಕೆ ಇಟ್ಟರು. ಕೋಳಿಯೂ ಏಳದ ಹೊತ್ತಿನಲ್ಲಿ ಕಣ್ಣು ಫಟ್ಟನೆ ತೆರೆದುಕೊಳ್ಳುತ್ತಿತ್ತು. ದೊಡ್ಡಪ್ಪನವರಿಗೆ ಚಳಿ, ಆದ್ದರಿಂದ ನನ್ನ ಮೈಕಾವು ಏರಿತು; ಫ್ಯಾನಿನ ಕೆಳಗೆ ಕೂತು ಬೆವೆತೆ. ತಟ್ಟೆಯ ಮುಂದೆ ಕೂತರೆ ಎರಡನೇ ತುತ್ತಿಗೇ ಅನ್ನ ಬೇಡವಾಗುತ್ತಿತ್ತು. ಯಾರದ್ದಪ್ಪಾ ಈ ಕೆಲಸ ಎಂದು ವಿಚಾರಿಸಿದರೆ ಅಶ್ವಿನಿ ಅತ್ತಿಗೆ ನಾಚಿಕೆಯಿಲ್ಲದೆ ಒಪ್ಪಿಕೊಂಡರು.

"ಹಸಿವು ಚೂರು ಇಳಿಸ್ದೆ ಕಣಮ್ಮ. ಕನ್ನಡೀಲಿ ನೋಡ್ಕೊಂಡಿದ್ದೀಯಾ? ನಿನ್ನ ಒಳ್ಳೇದಕ್ಕೇ ತಾನೇ."

ಆಗ ನನ್ನ ಸಿಟ್ಟು ಇನ್ನೂ ನನ್ನದಾಗಿತ್ತು. ಅವರ ಮೊಮ್ಮಗುವಿನ ನಾಮಕರಣ ಅವತ್ತು, ಮನೆ ತುಂಬ ಜನ. ನಾನು ಎಲ್ಲರೆದುರೇ, "ನಿಮ್ಮ ಒಳ್ಳೇತನ ನಿಮ್ಮ ಹೊಟ್ಟೆ ಮೇಲೆ ತೋರ್ಸಿ, ನನ್ನ ಹೊಟ್ಟೆಗೆ ಕೈ ಹಾಕ್ಬೇಡಿ" ಎಂದು ಕೂಗಾಡಿದೆ. ಪಾಯಸದ ಲೋಟವನ್ನು ಟಣ್ಣೆಂದು ಕುಕ್ಕಿ ಹೊರಟುಬಂದೆ.

ಅದಾದ ಮೇಲೆ ಒಂದು ಬೆಳಿಗ್ಗೆ ಎದ್ದಾಗ ಏನೋ ಕಮ್ಮಿಯಾಗಿತ್ತು. ಏನೆಂದು ತಿಳಿಯಲು ಸ್ವಲ್ಪ ದಿನ ಹಿಡಿಯಿತು. ಲೋಹಿತ ಒದ್ದೆ ಟವೆಲ್ಲನ್ನು ನನ್ನ ದಿಂಬಿನ ಮೇಲೆ ಹಾಕಿದ, ಎತ್ತಿ ಒಣಗಿಸಿದೆ. ಅತ್ತಿಗೆ ಫೋನ್ ಮಾಡಿ, "ನಿನ್ನೆ ಎರಡು ಸಲ ಸಿಹಿ ತಿಂದಿದ್ದೀಯ, ನಂಗೆ ಕಾಣುತ್ತೆ" ಎಂದರು. ಹೌದು ಅತ್ತಿಗೆ ಎಂದೆ. ಸಿಟ್ಟು ಬರಬೇಕಾದ ಜಾಗದಲ್ಲಿ ಆಕಳಿಕೆ ಬರುತ್ತಿತ್ತು. ಇದು ತಪ್ಪು, ಇದಕ್ಕೆ ನಾನು ರೇಗಬೇಕು ಎಂದು ತಲೆಗೆ ಚೆನ್ನಾಗಿ ಗೊತ್ತಾಗುತ್ತಿತ್ತು. ಆದರೆ ಮೈ ಎದ್ದು ಬರುತ್ತಿರಲಿಲ್ಲ. ಸೀನು ಮೂಗಿನ ತುದಿಗೆ ಬಂದು ನಿಂತರೆ ಹೇಗಿರುತ್ತದೆ, ಇಡೀ ದಿನ ಹಾಗೆ.

ಲ್ಯಾಬಿಗೆ ಹೋಗಿ ಸುಹಾಸನ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ. ನನ್ನ ತೂಬಿನ ಖಾನೆಗಳನ್ನು ಪರದೆಯ ಮೇಲೆ ತೆರೆದ. ಉದ್ವೇಗದ ಮಿತಿ ತಳ ಕಂಡಿತ್ತು.

"ಯಾರೋ ಪೂರ್ತಿ ಇಳಿಸ್ಬಿಟ್ಟಿದ್ದಾರೆ. ಅಡ್ರಿನಲಿನ್, ಕಾರ್ಟಿಸಾಲ್ ಎರಡೂ ಇದಕ್ಕಿಂತ ಮೇಲೆ ಏರೋ ಹಾಗೇ ಇಲ್ಲ" ಎಂದ.

"ಯಾರು?"

"ಅದು ಗೊತ್ತಾಗಲ್ಲ. ಬಾಗಿಲಲ್ಲಿ ಯಾರು ಬಂದ್ರು ಅಂತ ನಾನು ಬರೆದಿಡಲ್ಲ. ಮೆಮೊರಿ ತಿನ್ನುತ್ತೆ."

"ಹೋಗ್ಲಿ, ನನ್ನ ಬಾಗಿಲಿಂದ ಏರ್ಸು."

ಅವನು ಹುಡುಕಿದ. ಮೇಲಿಂದ ಕೆಳಗೆ, ಕೆಳಗಿಂದ ಮೇಲೆ. "ಸಿಂಚನ, ನಿನ್ನ ಹೆಸರೇ ಇಲ್ಲ ಕಣೇ" ಎಂದ.

ಅವನ ಸ್ಕ್ರಿಪ್ಟಿನ ತರ್ಕ ಹೀಗಿತ್ತು: ಯಾರ ಹೆಸರನ್ನೂ ಕೊಡದಿದ್ದರೆ ರೋಗಿಗೇ ಎಲ್ಲ ಬಾಗಿಲು. ಒಂದಾದರೂ ಹೆಸರು ಕೊಟ್ಟರೆ, ಕೊಟ್ಟವರಿಗೆ ಮಾತ್ರ. ಓದಲು ಮಾತ್ರ ಎಂದು ಬಿಡಿಸಿ ಹೇಳದಿದ್ದರೆ ಕಿಟಕಿಯ ಜೊತೆ ಬಾಗಿಲೂ ಉಚಿತ. ಪರೀಕ್ಷೆಗೆ ಬಂದ ರೋಗಿಗಳೆಲ್ಲ ಒಂಟಿಯಾಗಿ ಬಂದು ತಮ್ಮ ಹೆಸರು ತಾವೇ ಹೇಳಿಕೊಂಡವರು, ಹಾಗಾಗಿ ಈ ಹುಳುಕು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಮ್ಮ ಮನೆಯವರು ಮೊದಲ ಸಲ ಇಡೀ ವಂಶ ಹೇಳಿದರು.

"ಈಗ್ಲೇ ಸೇರ್ಸು."

"ಆಗಲ್ಲ. ಸುರಕ್ಷತಾ ಸಮಿತಿ ಅಪ್ಪಣೆ ಇಲ್ದೆ ಮೈಯೊಳಗಿರೋ ತೂಬನ್ನ ನಾವು ಮುಟ್ಟೋ ಹಾಗಿಲ್ಲ. ಬಾಗಿಲು ಇರೋರು ಯಾರಾದ್ರೂ ಒಬ್ರು ಬೆರಳೊತ್ತಿ ಒಪ್ಪಿದ್ರೆ ಹೊಸ ಹೆಸರು ಸೇರುತ್ತೆ. ಒಬ್ರು ಸಾಕು. ನಿನ್ನ ಗಂಡನ್ನೇ ಕೇಳು."

ಕೇಳಿದೆ. ಲೋಹಿತ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಎಷ್ಟೋ ಸಲೀಸಿತ್ತು. ಊಟ ಬಡಿಸುತ್ತಾ ಕೇಳಿದೆ, ಅವನು ತಟ್ಟೆ ನೋಡುತ್ತಾ ಉತ್ತರ ಕೊಟ್ಟ.

"ಮಿತಿ ಇಳಿಸಿದ್ದು ನಾನಲ್ಲ, ಅಮ್ಮನಾಣೆ. ಆದ್ರೆ ಈಗ ಏನಾಗಿದೆ ಹೇಳು? ಎಷ್ಟು ಚೆನ್ನಾಗಿದ್ದೀಯ. ಮನೆ ನೆಮ್ಮದಿಯಾಗಿದೆ."

"ನನ್ನ ಹೆಸರು ಸೇರಿಸು ಅಂತಿದ್ದೀನಿ ಲೋಹಿತ್. ನನ್ನ ಮೈ ಇದು."

"ಸೇರಿಸೋಣ. ಅಕ್ಕನ್ನ ಒಂದ್ಮಾತು ಕೇಳ್ತೀನಿ. ಅವ್ರಿಗೆ ಹೇಳ್ದೆ ಮಾಡಿದ್ರೆ ಬೇಜಾರಾಗುತ್ತೆ."

ನನ್ನ ಹೊಟ್ಟೆಯಡಿಯ ಯಂತ್ರಕ್ಕೆ ನನ್ನ ಹೆಸರು ಸೇರಿಸಲು ಅವನ ಅಕ್ಕನ ಅಪ್ಪಣೆ! ಈಗ ಇದನ್ನು ಬರೆಯುವಾಗ ಎರಡು ಸಲ ಎದ್ದು ಓಡಾಡಿ ಬಂದೆ. ಅವತ್ತು, "ಸರಿ, ಕೇಳು, ಇನ್ನೊಂದು ಚಪಾತಿ ಹಾಕ್ಲಾ?" ಎಂದಿದ್ದೆ.

ಅತ್ತಿಗೆ, "ಎಲ್ಲರೂ ಒಂದಿನ ಕೂತು ಮಾತಾಡೋಣ" ಎಂದರು. ಕೂರುವ ದಿನ ಬರಲಿಲ್ಲ. ಮಿತಿ ಇಳಿಸಿದ್ದು ಯಾರು ಎಂದು ಕೇಳಲು, ನನ್ನ ಹೆಸರು ಸೇರಿಸಿ ಎನ್ನಲು ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ; ಸೇರಿಸುವ ಮಾತಿಗೆ ಅವನ ಕಡೆಯವರೆಲ್ಲ ಅಶ್ವಿನಿಯನ್ನೇ ಕೇಳು ಎಂದರು. ಬನ್ನೂರು ಚಿಕ್ಕಪ್ಪ, "ಎಚ್ಚರದ ಹೊತ್ತು ನಾನಿಟ್ಟಿದ್ದು, ಸಿಟ್ಟಿನ ತಂಟೆಗೆ ಹೋಗಿಲ್ಲ" ಎಂದು ಜಂಬದಿಂದಲೇ ಹೇಳಿದರು. ದೊಡ್ಡಪ್ಪನವರು ಮೈಕಾವು ಇನ್ನೂ ಸ್ವಲ್ಪ ಏರಿಸಲೇ ಎಂದು ಕೇಳಿದರು. ಕೊನೆಗೆ ಚನ್ನರಾಯಪಟ್ಟಣದಲ್ಲಿರುವ ಅಮ್ಮನಿಗೂ ಮಾಡಿದೆ. "ನಂಗೆ ಅದೆಲ್ಲ ಎಲ್ಲಿ ಬರುತ್ತೆ?" ಎಂದಳು. ನನಗೆ ಅಷ್ಟೂ ಹೊಳೆಯಲಿಲ್ಲ, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ಫೋನಿನಲ್ಲಿ ನನಗಿಂತ ಬೇಗ ಎಲ್ಲವನ್ನೂ ಮಾಡುವವಳು ಎಂದು. ಮತ್ತೆ ಮತ್ತೆ ಕೆದಕಿ ಕೇಳಬೇಕಾದರೆ ಒಳಗೆ ಒಂದಿಷ್ಟು ಕಾವು ಬೇಕು.

ಲ್ಯಾಬಿನ ಸುರಕ್ಷತಾ ಸಮಿತಿಗೆ ದೂರು ಕೊಟ್ಟೆ. ನಮ್ಮ ಕಂಟ್ರೋಲ್ ರೂಮಿನಲ್ಲಿ ಗೋಡೆಯುದ್ದಕ್ಕೂ ಪರದೆಗಳಿವೆ, ಊರೂರಿನ ರೋಗಿಗಳ ತೂಬುಗಳು ಅಲ್ಲಿ ಸಾಲಾಗಿ ಕಾಣುತ್ತವೆ. ಸಮಿತಿಯ ಮುಖ್ಯಸ್ಥೆ ಡಾಕ್ಟರ್ ವಾರಿಜ ನನ್ನ ಗ್ರಾಫನ್ನು ಎಳೆದು ದೊಡ್ಡದು ಮಾಡಿದರು. ಹಸಿರು ಗೆರೆ, ಇಸ್ತ್ರಿ ಹಾಕಿದಷ್ಟು ಸಪಾಟು.

"ನಿಮಗೆ ಹಿಂಸೆ ಆಗ್ತಿದೆ ಅಂತ ಬರ್ದಿದ್ದೀರ. ಆದ್ರೆ ನೋಡಿ, ಉದ್ವೇಗ ಎಲ್ಲೂ ಏರಿಲ್ಲ."

"ಏರದ ಹಾಗೆ ಮಿತಿ ಹಾಕಿದ್ದಾರೆ ಮೇಡಂ. ಅದೇ ನನ್ನ ದೂರು."

"ಅದನ್ನೂ ಎಷ್ಟು ಶಾಂತವಾಗಿ ಹೇಳ್ತಿದ್ದೀರ ನೋಡಿ" ಎಂದು ನಕ್ಕರು. "ಬಾಗಿಲು ತುರ್ತಾಗಿ ಬದಲಿಸ್ಬೇಕು ಅಂದ್ರೆ ತೀವ್ರ ತೊಂದರೆಯ ಪುರಾವೆ ಬೇಕು. ಮುಂದಿನ ಆವೃತ್ತೀಲಿ ನೋಡೋಣ."

ಸುಹಾಸ ನನ್ನ ಪರವಾಗಿ ಎದ್ದು ನಿಂತ. ಬದಲಾವಣೆ ಒಂದೇ ಸಾಲಿನದು ಎಂದ, ಮೇಜು ಗುದ್ದಿದ. ಅವನ ಮುಖ ಕೆಂಪಾಗಿತ್ತು. ನಾನು ಅವನ ತೋಳು ಹಿಡಿದು ಕೂರಿಸಿ, "ಇರ್ಲಿ ಬಿಡು, ಮೇಡಂಗೂ ಕಷ್ಟಗಳಿರುತ್ತೆ" ಎಂದೆ. ನಾನು! ಕಾಫಿಗೆ ಸಕ್ಕರೆ ಹೆಚ್ಚಾಯಿತೆಂದು ಕ್ಯಾಂಟೀನಿನವರನ್ನು ಅಳಿಸಿದ ನಾನು.

ಆಮೇಲೆ ಬಸ್ಸು.

ನಂಜುಮಳಿಗೆಯ ಹತ್ತಿರ ಸಂಜೆ ರಸ್ತೆ ದಾಟುತ್ತಿದ್ದೆ. ನಗರ ಸಾರಿಗೆಯ ಬಸ್ಸು ತಿರುವಿನಿಂದ ನುಗ್ಗಿತು. ಹಾರನ್ ಕೇಳಿಸಿತು, ಬಸ್ಸು ಕಾಣಿಸಿತು, ನನ್ನ ಕಡೆಗೇ ಬರುತ್ತಿದೆ ಎಂದೂ ತಿಳಿಯಿತು. ಅದರ ನಂಬರ್ ಪ್ಲೇಟನ್ನೂ ಓದಿದೆ. ಕಾಲು ಮಾತ್ರ ಏಳಲಿಲ್ಲ. ಎದೆ ಧಸಕ್ಕೆನ್ನಬೇಕು, ಆ ಧಸಕ್ಕಿಗೆ ಕಾಲು ಹಾರಬೇಕು. ಧಸಕ್ಕೆನ್ನುವುದಕ್ಕೇ ಮಿತಿ ಹಾಕಿಟ್ಟಿದ್ದರು. ಹೂವು ಮಾರುವ ಹೆಂಗಸೊಬ್ಬಳು ನನ್ನ ದುಪಟ್ಟ ಹಿಡಿದು ಎಳೆದಳು. ಇಬ್ಬರೂ ಅವಳ ಬುಟ್ಟಿಯ ಮೇಲೆ ಬಿದ್ದೆವು.

"ಕಣ್ಣು ಕಾಣಕಿಲ್ವೇನವ್ವಾ? ಸಾಯಕ್ಕೇ ಬಂದಿದ್ದೀಯಾ? ಮನೇಲಿ ಹೇಳೋರು ಕೇಳೋರು ಯಾರೂ ಇಲ್ವಾ?"

ಬೇಕಾದಷ್ಟು ಜನ ಇದ್ದಾರೆ ತಾಯಿ ಎಂದುಕೊಂಡೆ. ಅವಳ ಕುತ್ತಿಗೆಯ ನರ ಉಬ್ಬಿತ್ತು, ನನ್ನ ದುಪಟ್ಟವನ್ನು ಇನ್ನೂ ಬಿಟ್ಟಿರಲಿಲ್ಲ. ಗುರುತು ಪರಿಚಯವಿಲ್ಲದ ಅವಳು ನನ್ನ ಜೀವಕ್ಕಾಗಿ ಅಷ್ಟು ಗಾಬರಿಯಾಗಿದ್ದಳು, ಅಷ್ಟು ರೇಗಿದ್ದಳು. ನನಗೆ ಹೊಟ್ಟೆಕಿಚ್ಚಾಯಿತು ಎನ್ನಬೇಕು, ಅದೂ ಆಗಲಿಲ್ಲ. ಮನೆಗೆ ಬಂದು ಲೋಹಿತನಿಗೆ ಹೇಳಿದರೆ ಅವನು ಫೋನು ತೆಗೆದು ನನ್ನ ಕಿಟಕಿ ನೋಡಿದ. "ಎಲ್ಲ ನಾರ್ಮಲ್ ಇದೆಯಲ್ಲ" ಎಂದ.

ಮರುದಿನ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಏನು ಮಾಡಬೇಕೆಂಬ ಯೋಜನೆಯೇನೂ ಇರಲಿಲ್ಲ. ಬಾಗಿಲು ಇದ್ದವರಲ್ಲಿ ಮುಖ ನೋಡಿ ಕೇಳಬಹುದಾದವಳು ಅಮ್ಮ ಒಬ್ಬಳೇ ಉಳಿದಿದ್ದಳು.

ಅಮ್ಮ ಅಡುಗೆಮನೆಯಲ್ಲಿ ನೆಲದ ಮೇಲೆ ಕೂತು ಅವರೆಕಾಯಿ ಬಿಡಿಸುತ್ತಿದ್ದಳು. ನಾನೂ ಪಕ್ಕದಲ್ಲಿ ಕೂತು ಬಿಡಿಸುತ್ತ, ಬಸ್ಸಿನ ವಿಷಯ ಹೇಳಿದೆ. ಪೇಪರಿನಲ್ಲಿ ಓದಿದ ಸುದ್ದಿಯ ಹಾಗೆ ಹೇಳಿದೆನೆಂದು ಕಾಣುತ್ತದೆ.

"ಹೆದರಿಕೆ ಆಗ್ಲಿಲ್ವಾ?" ಎಂದಳು ಅಮ್ಮ.

"ಇಲ್ಲ. ಹೂವಿನವಳು ಎಳೀದೇ ಇದ್ರೆ ಅಲ್ಲೇ ನಿಂತಿರ್ತಿದ್ದೆ."

ಅವಳ ಕೈ ನಿಂತಿತು. ಅರ್ಧ ಬಿಡಿಸಿದ ಕಾಯಿಯನ್ನು ಮೊರದಲ್ಲಿದ್ದ ಕಾಳಿನ ಮೇಲೆ ಹಾಗೇ ಇಟ್ಟಳು.

"ನಾನೇ ಕಣೇ" ಎಂದಳು.

"ಏನು ನೀನೇ?"

"ಮಿತಿ ಇಳಿಸಿದ್ದು. ನಾಮಕರಣದ ದಿನ ಲೋಹಿತ್ ಫೋನ್ ಮಾಡಿದ್ದ. ನಿಮ್ಮ ಮಗಳ ಜೊತೆ ಬಾಳೋಕಾಗ್ತಿಲ್ಲ ಅತ್ತೆ ಅಂದ. ಅಳ್ತಿದ್ದ. ನಂಗೆ ಕೈಕಾಲು ತಣ್ಣಗಾಗೋಯ್ತು. ನಿನ್ನ ಸಂಸಾರ ಉಳೀಲಿ ಅಂತ ಮಾಡ್ದೆ." ಮೂಗು ಒರೆಸಿಕೊಂಡಳು. "ನಾನು ಜನ್ಮವೆಲ್ಲ ನುಂಗ್ಕೊಂಡೇ ಬಂದೆ, ನಿಮ್ಮಪ್ಪಂದು, ನಿಮ್ಮಜ್ಜೀದು. ನಂಗೆ ಯಂತ್ರ ಬೇಕಾಗ್ಲಿಲ್ಲ. ನಿನ್ನ ಕೈಲಿ ಆಗಲ್ಲ ಅಂತ ಗೊತ್ತಿತ್ತು. ಯಂತ್ರಾನೇ ನುಂಗ್ಲಿ ಅಂದ್ಕೊಂಡೆ."

ಅಷ್ಟೂ ಜನರಲ್ಲಿ ನಾನು ಅನುಮಾನ ಪಡದಿದ್ದವಳು ಇವಳೊಬ್ಬಳು. ಇದಕ್ಕೆ ಬರಬೇಕಾದ ಸಿಟ್ಟು ಯಾವುದೆಂದು ನನಗೆ ಗೊತ್ತಿತ್ತು. ಅದರ ಎತ್ತರ, ಅಗಲ, ಅದು ಬಂದರೆ ನಾನಾಡುವ ಮಾತು ಎಲ್ಲವೂ ಗೊತ್ತಿತ್ತು. ಕಾದೆ. ಬರಲಿಲ್ಲ.

"ಪರವಾಗಿಲ್ಲ ಬಿಡಮ್ಮ" ಎಂದೆ.

ಅಮ್ಮ ಬೆಚ್ಚಿದಳು. ನಾನು ಹುಟ್ಟಿದಾಗಿನಿಂದ ನನ್ನ ಬಾಯಲ್ಲಿ ಅವಳು ಆ ಮಾತು ಕೇಳಿರಲಿಲ್ಲ. ಒಂದನೇ ಕ್ಲಾಸಿನಲ್ಲಿ ಯಾರೋ ನನ್ನ ಬಳಪ ತೆಗೆದುಕೊಂಡರೆಂದು ಊಟ ಬಿಟ್ಟು ಕೂತಿದ್ದ ಮಗಳು. ನನ್ನ ಗಲ್ಲ ಹಿಡಿದು ಮುಖ ತನ್ನ ಕಡೆ ತಿರುಗಿಸಿಕೊಂಡು ನೋಡಿದಳು. ಅಲ್ಲಿ ಏನು ಕಂಡಳೋ, "ಅಯ್ಯೋ ದೇವರೇ" ಎಂದು ಎದ್ದು ಹೋಗಿ ಫೋನು ತಂದಳು. ಅವರೆಕಾಯಿಯ ಸೊಗಡು ಅಂಟಿದ ಬೆರಳಿಗೆ ಫೋನು ಮೊದಲು ಒಪ್ಪಲಿಲ್ಲ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತಿದಳು.

"ಏರಿಸಿದೀನಿ" ಎಂದಳು. "ನಿನ್ನ ಹೆಸರೂ ಸೇರಿಸಿದೀನಿ."

ಮೊದಲು ಕಿವಿ ಬಿಸಿಯಾಯಿತು. ಆಮೇಲೆ ಅಂಗೈ. ಎದೆ ಬಡಿದುಕೊಳ್ಳತೊಡಗಿತು. ಬಸ್ಸು ಈಗ ಬಂತು. ಅಡುಗೆಮನೆಯ ನೆಲದ ಮೇಲೆ ಕೂತಲ್ಲೇ ಹೆದರಿ ಹಿಂದಕ್ಕೆ ಸರಿದೆ. ಅದರ ಹಿಂದೆ ಒಂದೊಂದಾಗಿ ಎಲ್ಲವೂ ಬಂದವು: ಟವೆಲ್ಲು, ಹಸಿವು, ಬ್ರಾಹ್ಮೀ ಮುಹೂರ್ತ, ಅಕ್ಕನ್ನ ಒಂದ್ಮಾತು ಕೇಳ್ತೀನಿ, ಎಷ್ಟು ಶಾಂತವಾಗಿ ಹೇಳ್ತಿದ್ದೀರ ನೋಡಿ. ಮೊರವನ್ನು ಎತ್ತಿ ಗೋಡೆಗೆ ಒಗೆದೆ. ಅವರೆಕಾಳು ಒಲೆಯ ಕೆಳಗೆಲ್ಲ ಚೆಲ್ಲಾಡಿತು.

"ನೀನು ನನ್ನ ಅಮ್ಮನಾ? ಯಾರ ಸಂಸಾರ ಉಳಿಸ್ದೆ ನೀನು? ನಾನಿಲ್ದೆ ಇರೋ ಸಂಸಾರ ಯಾರಿಗೆ ಬೇಕು? ಸುಳ್ಳು ಬೇರೆ ಹೇಳ್ದೆ ಫೋನಲ್ಲಿ, ನಂಗೆ ಬರಲ್ಲ ಅಂತ!"

ನನ್ನ ದನಿಗೆ ಪಕ್ಕದ ಮನೆಯ ನಾಯಿ ಬೊಗಳಿತು. ಅಮ್ಮನ ಹೆಬ್ಬೆರಳು ಅವಳಿಗೇ ತಿಳಿಯದ ಹಾಗೆ ಫೋನಿನ ಮೇಲೆ ಜಾರಿತು, ಅದೇ ಖಾನೆಯ ಕಡೆಗೆ.

"ಕೈ ತೆಗಿ" ಎಂದೆ.

ತೆಗೆದಳು. ಫೋನನ್ನು ನೆಲದ ಮೇಲಿಟ್ಟು ಕೈಗಳನ್ನು ಮಡಿಲಿಗೆ ಹಾಕಿಕೊಂಡು ಕೂತಳು.

ನನ್ನ ಫೋನಿನಲ್ಲಿ ನನ್ನ ಹೆಸರಿನ ಬಾಗಿಲು ತೆರೆದುಕೊಂಡಿತ್ತು. ಉಳಿದವರನ್ನು ಹಿರಿತನದ ಪ್ರಕಾರವೇ ತೆಗೆದೆ. ದೊಡ್ಡಪ್ಪ ಹೋದರು, ಚಿಕ್ಕಪ್ಪ ಹೋದರು. ಲೋಹಿತನ ಹೆಸರಿನ ಮೇಲೆ ಬೆರಳು ಸ್ವಲ್ಪ ತಡೆಯಿತು. ಅಳುತ್ತಾ ನನ್ನಮ್ಮನಿಗೆ ಫೋನ್ ಮಾಡಿದವನು ನನ್ನೆದುರು ಒಂದು ಸಲ ಅತ್ತಿದ್ದರೆ ಆಗುತ್ತಿರಲಿಲ್ಲವೇ? ಅವನನ್ನೂ ತೆಗೆದೆ. ಅಶ್ವಿನಿ ಅತ್ತಿಗೆಯ ಹೆಸರು ತೆಗೆದ ತಕ್ಷಣವೇ ಫೋನು ಬಂತು.

"ಸಿಂಚು, ನಿನ್ನ ತೂಬು ಕಾಣಿಸ್ತಿಲ್ಲ ಕಣಮ್ಮ! ಏನಾಯ್ತೋ ಅಂತ ಗಾಬರಿ ನಂಗೆ."

"ಇನ್ಮೇಲೆ ಕಾಣ್ಸಲ್ಲ ಅತ್ತಿಗೆ. ನಾನು ತುಂಬ ಹಸ್ಕೊಂಡಿದ್ದೀನಿ, ಊಟ ಮಾಡ್ಬೇಕು, ಇಡಿ ಫೋನು."

ಕೊನೆಗೆ ಉಳಿದದ್ದು ಅಮ್ಮನ ಹೆಸರು. ಅವಳು ನನ್ನ ಬೆರಳನ್ನೇ ನೋಡುತ್ತಿದ್ದಳು.

"ನಂದೂ ತೆಗಿ" ಎಂದಳು.

ತೆಗೆದೆ. ನೆಲದ ಮೇಲಿದ್ದ ಅವಳ ಫೋನಿನಿಂದ ನನ್ನ ನಿದ್ದೆ, ನನ್ನ ಹಸಿವು, ನನ್ನ ಮೈಕಾವು ಒಂದೊಂದಾಗಿ ಅಳಿಸಿಹೋದವು. ಅಮ್ಮ ಆ ಖಾಲಿ ಪರದೆಯನ್ನು ಎರಡು ಸಲ ಒತ್ತಿ ನೋಡಿದಳು, ಆಮೇಲೆ ಮಗುಚಿಟ್ಟಳು. ಇನ್ನೇನು ಮಾಡುವುದೆಂದು ತಿಳಿಯದವಳ ಹಾಗೆ ನನ್ನ ಮುಖ ನೋಡಿದಳು.

"ಹೇಗಿದ್ದೀಯೇ?" ಎಂದಳು.

ಆಪರೇಷನ್ ಆದಾಗಿನಿಂದ ಆ ಮಾತನ್ನು ನನ್ನನ್ನು ಯಾರೂ ಕೇಳಿರಲಿಲ್ಲ. ಎಲ್ಲರೂ ಓದಿಕೊಳ್ಳುತ್ತಿದ್ದರು.

"ಕೆಟ್ಟ ಸಿಟ್ಟು ಬಂದಿದೆ ಅಮ್ಮ. ನಿನ್ನ ಮೇಲೇ."

"ಎಷ್ಟು?"

ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ನಾನು ಒಲೆಯ ಕೆಳಗಿನ ಅವರೆಕಾಳು ಬಳಿದುಕೊಂಡು ಬಂದು ಅವಳೆದುರು ಕೂತೆ, ಮೊದಲಿನಿಂದ ಹೇಳತೊಡಗಿದೆ.